ಅವನು ಕೇಳದ ಸಹಿ

ಬಾಗಿಲು ತಳ್ಳಿದ ಮಾನಸ ಹೊಸ್ತಿಲಲ್ಲೇ ನಿಂತುಬಿಟ್ಟಳು.

ಅವನು!

ರಾಜಾಜಿನಗರದ ಆ ಸಣ್ಣ ವಕೀಲರ ಆಫೀಸಿನಲ್ಲಿ, ಗೋಡೆ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ, ತೊಡೆಯ ಮೇಲೆ ಒಂದು ದಪ್ಪ ಕವರ್ ಇಟ್ಟುಕೊಂಡು ಕೂತಿದ್ದ ದಿಮುತು. ಅವಳ ಗಂಡ. ಐದು ತಿಂಗಳಿಂದ ಮುಖ ತೋರಿಸದ ಗಂಡ.

ತುಂಬಾ ಸೊರಗಿದ್ದ. ಅಂಗಿ ಮೈಮೇಲೆ ನೇತಾಡುತ್ತಿತ್ತು.

'ಹೊಟ್ಟೆಗೆ ತಿಂತಾನೋ ಇಲ್ವೋ...' ಅಂದ ಮನಸ್ಸನ್ನು ಅವಳೇ ಗದರಿಸಿದಳು. 'ನಿನಗ್ಯಾಕೆ ಬೇಕು ಅದು? ಬಂದಿರೋದು ನಿನ್ನ ನೋಡೋಕಲ್ಲ. ನಿನ್ನ ಸಹಿಗೆ!'

"ಕೂತ್ಕೊಳ್ಳಿ ಮಾನಸ," ಅಂದರು ಅವಳ ಡಿವೋರ್ಸ್ ನೋಡಿಕೊಳ್ಳುತ್ತಿದ್ದ ವಕೀಲೆ ಜಯದೇವಿ. "ಒಂದೇ ಒಂದ್ಸಲ ನಿಮ್ಮ ಜೊತೆ ಮಾತಾಡ್ಬೇಕು ಅಂತ ಇವರೇ ಫೋನ್ ಮಾಡಿದ್ರು."

"ವೀಸಾ ವಿಷಯ ತಾನೇ ಮೇಡಂ?"

"ಅದು ಹೇಗಿದೆ ಅಂತ ಹೇಳಿಬಿಡ್ತೀನಿ. ಭಾರತೀಯಳ ಗಂಡ ಅನ್ನೋ ಆಧಾರದ ಮೇಲೆ ಕೊಟ್ಟಿರೋ ವೀಸಾ ಇದು. ಮುಂದುವರಿಸಬೇಕು ಅಂದ್ರೆ ಹೆಂಡತಿಯ ಪತ್ರ ಬೇಕು. ನೀವು ಅಕ್ಟೋಬರ್‌ನಲ್ಲೇ ಒಪ್ಪಿಗೆ ಇಲ್ಲ ಅಂತ ಬರೆದು ಕಳಿಸಿದೀರಿ. ಇವರ ವೀಸಾ ಮಾರ್ಚ್ ಹನ್ನೆರಡಕ್ಕೆ ಮುಗಿಯುತ್ತೆ. ಇವತ್ತು ಏಳು."

ಈಗ ಕೇಳ್ತಾನೆ... ಬೇಡ್ಕೋತಾನೆ... ಮಾನಸ ಕೈ ಬಿಗಿ ಹಿಡಿದು ಕಾದಳು.

ದಿಮುತು ತಲೆ ಎತ್ತಿದ.

"ಹನ್ನೊಂದಕ್ಕೆ ಟಿಕೆಟ್ ಮಾಡಿಸಿದೀನಿ, ಮಾನಸ. ಹೋಗ್ತಾ ಇದೀನಿ."

ಮಾನಸ ಬಿಗಿಹಿಡಿದ ಕೈ ಸಡಿಲಿಸಿದಳು.

"ಡಿವೋರ್ಸ್‌ಗೆ ನನ್ನ ಒಪ್ಪಿಗೆ ಇದೆ ಅಂತ ಬರೆದು ಕೊಟ್ಟಿದೀನಿ. ಆಮೇಲೆ ನನ್ನ ಹುಡುಕಿಕೊಂಡು ನೀನು ಅಲೆಯೋದು ಬೇಡ." ಕವರನ್ನು ಮೇಜಿನ ಮೇಲಿಟ್ಟ. "ಇದರಲ್ಲಿ ನಿನ್ನ ಕಾಗದಗಳಿವೆ. ಆಧಾರ್ ಕಾಪಿ, ಮದುವೆ ಸರ್ಟಿಫಿಕೇಟು... ಅದು ನನ್ನ ಹತ್ರ ಯಾಕೆ?"

"ಅಷ್ಟೇನಾ?" ಅವಳಿಗೇ ಗೊತ್ತಿಲ್ಲದೆ ಬಂತು ಮಾತು.

"ಅಷ್ಟೇ." ಎದ್ದು ನಿಂತ. ಬಾಗಿಲ ಹತ್ತಿರ ಹೋಗಿ ತಿರುಗಿದ. "ಅಜ್ಜಿ ಮೆಟ್ಟಿಲು ಹತ್ತುವಾಗ ಎಡಗಾಲು ಮೊದಲು ಇಡ್ಬಾರ್ದು. ಮರೀತಾರೆ. ಹೇಳ್ತಾ ಇರು."

ಹೋಗಿಬಿಟ್ಟ!

* * *

ದಿಮುತು ಶ್ರೀಲಂಕಾದ ಮಾತರ ಅನ್ನೋ ಊರಿನವನು. ಫಿಸಿಯೋಥೆರಪಿ ಓದಲು ಬೆಂಗಳೂರಿಗೆ ಬಂದಿದ್ದ. ಮಾನಸಳ ಅಜ್ಜಿ ಅಕ್ಕಯ್ಯಮ್ಮ ಬಿದ್ದು ಎಡಗಡೆ ಸೊಂಟ ಮುರಿದುಕೊಂಡಾಗ, ಆಸ್ಪತ್ರೆಯಲ್ಲಿ ಅವರ ಎರಡೂ ಕೈ ಹಿಡಿದು ಮತ್ತೆ ನಡೆಸಿದವನು ಅವನೇ. ಅಜ್ಜಿ ಅವನಿಗೆ ಕನ್ನಡ ಕಲಿಸಿದರು. ಬಸವೇಶ್ವರನಗರದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಮೊಮ್ಮಗಳು ದಿನಾ ಸಂಜೆ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಅಜ್ಜಿಯ ಕಾಲು ಸರಿಹೋದ ಮೇಲೂ ಅವರಿಬ್ಬರ ಭೇಟಿ ನಿಲ್ಲಲಿಲ್ಲ.

ಅಪ್ಪ ಚಿಕ್ಕಹನುಮಯ್ಯನಿಗೆ ಇಷ್ಟವಿರಲಿಲ್ಲ. ಕೆಂಗೇರಿ ಕಡೆಯ ಹಳೇ ಊರಿನಲ್ಲಿ ಜಮೀನು, ಬಸವೇಶ್ವರನಗರದಲ್ಲಿ ಸ್ವಂತ ಮನೆ, ತಾಯಿಯಿಲ್ಲದೆ ಬೆಳೆಸಿದ ಒಬ್ಬಳೇ ಮಗಳು. "ಓದು ಮುಗೀತು, ವೀಸಾ ಮುಗೀತು. ಅದಕ್ಕೇ ನಿನ್ನ ಹಿಂದೆ ಬಿದ್ದಿದಾನೆ ಕಣಮ್ಮ," ಅಂದಿದ್ದರು. ಮಗಳು ಹಟ ಹಿಡಿದಳು. ರಿಜಿಸ್ಟರ್ ಮದುವೆ ಆಯಿತು. ಮೇಲಿನ ಮನೆಯಲ್ಲಿ ಸಂಸಾರ.

ಆದರೆ ಅವನಿಗೆ ಸಿಕ್ಕಿದ್ದ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಅವಳು ಶಾಲೆಗೆ ಹೋಗುತ್ತಿದ್ದಳು. ಅವನು ಅಡುಗೆ ಮಾಡುತ್ತಿದ್ದ, ಬಟ್ಟೆ ಒಗೆಯುತ್ತಿದ್ದ, ಅಜ್ಜಿಯ ಕಾಲಿಗೆ ಎಣ್ಣೆ ಹಚ್ಚುತ್ತಿದ್ದ.

"ಹೆಂಡತಿ ದುಡಿದು ತರ್ತಾಳೆ, ಇವನು ಪಾತ್ರೆ ತೊಳೀತಾನೆ," ಅಂತ ಅಪ್ಪ ಬೀದಿಗೆ ಕೇಳುವ ಹಾಗೆ ಹೇಳುತ್ತಿದ್ದರು. ದಿಮುತು ನಕ್ಕು ಸುಮ್ಮನಾಗುತ್ತಿದ್ದ. ಆ ನಗು ಬರಬರುತ್ತಾ ಸಣ್ಣದಾಗಿದ್ದನ್ನು ಮಾನಸ ನೋಡಲಿಲ್ಲ.

ಮದುವೆಯಾಗಿ ವರ್ಷ ತುಂಬುವ ಹೊತ್ತಿಗೆ ಅವಳು ಬಸುರಿಯಾಗಿದ್ದಳು. ಐದು ತಿಂಗಳು ತುಂಬಿತ್ತು. ಸೆಪ್ಟೆಂಬರಿನ ಒಂದು ಬೆಳಗ್ಗೆ ರಕ್ತಸ್ರಾವ ಶುರುವಾಯಿತು...

ಮಗು ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ಅವಳಿಗೆ ಎಚ್ಚರವಾದಾಗ ಪಕ್ಕದಲ್ಲಿ ಅಪ್ಪ ಇದ್ದರು. "ದಿಮುತು ಎಲ್ಲಿ?" ಅಂದಳು. "ಗೊತ್ತಿಲ್ಲಮ್ಮ. ಎಲ್ಲೋ ಹೋದ. ಮಗೂನ ಆಸ್ಪತ್ರೆಯವರೇ ನೋಡ್ಕೊಂಡ್ರು," ಅಂದರು. ಅವನು ಬಂದಿದ್ದು ನಾಲ್ಕು ಗಂಟೆ ಕಳೆದ ಮೇಲೆ. ಎಲ್ಲಿ ಹೋಗಿದ್ದೆ ಅಂದರೆ ಗೋಡೆ ನೋಡಿದ. ಆ ನಾಲ್ಕು ಗಂಟೆ ಅವಳ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಅದಾಗಿ ಮೂರು ವಾರಕ್ಕೆ ಅವನ ಬ್ಯಾಗಿನಲ್ಲಿ ಒಂದು ಪ್ರಿಂಟ್ ಸಿಕ್ಕಿತು. ಮದುವೆಯಾಗಿ ಎರಡು ವರ್ಷ ತುಂಬಿದರೆ ವಿದೇಶಿ ಗಂಡನಿಗೆ ಕಾಯಂ ಆಗಿ ಉಳಿಯುವ ಕಾರ್ಡಿಗೆ ಅರ್ಜಿ ಹಾಕಬಹುದು ಅಂತ ಅದರಲ್ಲಿತ್ತು. ಕೆಳಗೆ ಅವನದೇ ಕೈಬರಹ: ಜೂನ್ 18. ಸುತ್ತ ಕೆಂಪು ಗೆರೆ.

ಮಗು ಹೋದ ಮನೆಯಲ್ಲಿ ಕೂತು ಇವನು ದಿನ ಎಣಿಸುತ್ತಿದ್ದಾನೆ!

"ನೀನು ಮದುವೆ ಆಗಿದ್ದು ನನ್ನನ್ನಾ? ಇಲ್ಲ ಈ ದೇಶವನ್ನಾ?" ಅಂತ ಕಿರುಚಿದ್ದಳು.

ಅವನು ಮಾತಾಡಲಿಲ್ಲ. ಒಂದು ಬ್ಯಾಗ್ ತಗೊಂಡು ಇಳಿದು ಹೋದ. ಆ ಮೌನವೇ ಉತ್ತರ ಅಂದುಕೊಂಡಳು. ಅಪ್ಪ ಹೇಳಿದ ಹಾಗೆ ಪತ್ರ ಬರೆದಳು: ನಾವು ಬೇರೆಯಾಗಿದ್ದೇವೆ, ಅವರ ವೀಸಾ ಮುಂದುವರಿಸಲು ನನ್ನ ಒಪ್ಪಿಗೆ ಇಲ್ಲ.

* * *

ಮನೆಗೆ ಬಂದು ಮಾನಸ ಕವರ್ ಬಿಚ್ಚಿದಳು.

ಅವಳ ಕಾಗದಗಳೆಲ್ಲ ಒಂದರ ಮೇಲೊಂದು ನೀಟಾಗಿದ್ದವು. ಅವುಗಳ ನಡುವೆ, ಬಹುಶಃ ಅವನು ಗಮನಿಸದೆ ಉಳಿದುಹೋದ ಒಂದು ಹಾಳೆ. ಅವನು ವಿದೇಶಿಯರ ನೋಂದಣಿ ಕಚೇರಿಗೆ ಕಳಿಸಿದ್ದ ಇಮೇಲ್‌ನ ಪ್ರಿಂಟ್. ಆಸ್ಪತ್ರೆಯಿಂದ ಮನೆಗೆ ಬಂದ ಮಾರನೇ ದಿನದ ತಾರೀಖು.

ಇಂಗ್ಲಿಷಿನಲ್ಲಿ ಐದೇ ಸಾಲು.

'ನನ್ನ ಹೆಂಡತಿ ಮಗುವನ್ನು ಕಳೆದುಕೊಂಡಿದ್ದಾಳೆ. ಡಾಕ್ಟರು ಮೂರು ತಿಂಗಳ ವಿಶ್ರಾಂತಿ ಹೇಳಿದ್ದಾರೆ. ಆದರೂ ಅವಳು ಸೋಮವಾರದಿಂದ ಕೆಲಸಕ್ಕೆ ಹೋಗುತ್ತೇನೆ ಅನ್ನುತ್ತಿದ್ದಾಳೆ. ನಾನು ದುಡಿಯಲು ಯಾವುದಾದರೂ ದಾರಿ ಇದೆಯೇ? ಯಾವ ಕೆಲಸವಾದರೂ ಸರಿ.'

ಕೆಳಗೆ ಉತ್ತರ: ಈಗಿನ ವೀಸಾದಲ್ಲಿ ಆಗುವುದಿಲ್ಲ. ಮದುವೆಗೆ ಎರಡು ವರ್ಷ ತುಂಬಿದ ಮೇಲೆ ಕಾರ್ಡಿಗೆ ಅರ್ಜಿ ಸಲ್ಲಿಸಬಹುದು. ಅದು ಸಿಕ್ಕರೆ ಕೆಲಸ ಮಾಡಬಹುದು.

ಜೂನ್ 18...

ಅವನು ಎಣಿಸುತ್ತಿದ್ದದ್ದು ಇದಕ್ಕಾ? ನನ್ನೊಬ್ಬಳ ಮೇಲೇ ಭಾರ ಬೀಳದಿರಲಿ ಅಂತ! ತಾನು ದುಡಿಯಬಹುದು ಅಂತ!

ಹಾಳೆ ಹಿಡಿದುಕೊಂಡು ಕೆಳಗೆ ಓಡಿದಳು. ಅಜ್ಜಿ ಹಾಲ್‌ನಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಅಪ್ಪ ಟಿವಿ ನೋಡುತ್ತಿದ್ದರು.

"ಅಜ್ಜೀ... ಅವನು ಹೋಗ್ತಾ ಇದಾನೆ. ಹನ್ನೊಂದಕ್ಕೆ."

ಅಕ್ಕಯ್ಯಮ್ಮನ ಕೈ ನಿಂತಿತು. ಮಗನ ಕಡೆ ನೋಡಿದರು.

"ಇನ್ನೂ ಬಾಯಿ ಮುಚ್ಕೊಂಡಿರ್ಲೇನೋ ಹನುಮ?"

"ಅವ್ವ, ಸುಮ್ನಿರು!"

"ಸುಮ್ನಿದ್ದು ಸುಮ್ನಿದ್ದೇ ಈ ಗತಿ ಬಂತು." ಅಜ್ಜಿ ಅವರೆಕಾಯಿ ಬದಿಗೆ ತಳ್ಳಿದರು. "ಮಗಾ, ಆಸ್ಪತ್ರೇಲಿ ಅವತ್ತು ಅವ್ನು ಎಲ್ಲೂ ಓಡಿಹೋಗಿರ್ಲಿಲ್ಲ ಕಣವ್ವ. ನಿನ್ ಮಗೀನ ಮಣ್ಣು ಮಾಡಕ್ಕೆ ಹೋಗಿದ್ದ. ನಮ್ಮ ಹೊಲದಲ್ಲಿ, ಬೇವಿನ ಮರದ ತಾವ. ನಾನೇ ಜಾಗ ತೋರ್ಸ್ದೆ. ಆಟೋದಲ್ಲಿ ಅಷ್ಟು ದೂರಾನೂ ಎದೆಗೆ ಅವುಚ್ಕೊಂಡೇ ಕೂತಿದ್ದ. ತಾನೇ ಗುಂಡಿ ತೋಡ್ದ."

ಮಾನಸ ಅಜ್ಜಿಯ ಹತ್ತಿರ ಬಂದು ಕೂತಳು.

"ನಿನಗೆ ಹೇಳ್ಬ್ಯಾಡಿ, ಹೇಳಿದ್ರೆ ಮನಸ್ಸು ಕೆಡ್ತದೆ ಅಂತ ನಿಮ್ಮಪ್ಪ ಅವನ ಕೈಲೂ ಮಾತು ತಗೊಂಡ, ನನ್ ಕೈಲೂ ತಗೊಂಡ. ಆ ಹೈದ ಮಾತು ಉಳಿಸ್ಕೊಂಡ."

"ಅಪ್ಪ..." ಮಾನಸ ಅವರತ್ತ ತಿರುಗಿದಳು. "ಅವನೆಲ್ಲಿ ಅಂತ ನಾನು ಕೇಳಿದಾಗ ಗೊತ್ತಿಲ್ಲ ಅಂದ್ರಿ. ನಿಮಗೆ ಗೊತ್ತಿತ್ತು!"

"ನಿನ್ನ ಒಳ್ಳೇದಕ್ಕೇ ಕಣಮ್ಮ ನಾನು..."

"ಆ ನಾಲ್ಕು ಗಂಟೆಗೋಸ್ಕರ ಅವನನ್ನ ದ್ವೇಷ ಮಾಡಿದೆ ಅಪ್ಪ. ಐದು ತಿಂಗಳು!"

ಚಿಕ್ಕಹನುಮಯ್ಯ ಟಿವಿ ಆರಿಸಿದರು. ತಪ್ಪಾಯಿತು ಅನ್ನುವ ಮಾತು ಅವರ ಬಾಯಿಗೆ ಆವತ್ತೂ ಬರಲಿಲ್ಲ.

* * *

ಮಾರನೇ ದಿನ ಭಾನುವಾರ. ಬೆಳಗ್ಗೆಯೇ ಮಾನಸ ಜಯದೇವಿಯವರಿಗೆ ಫೋನ್ ಮಾಡಿದಳು.

"ಪತ್ರ ವಾಪಸ್ ತಗೋಬಹುದಾ ಮೇಡಂ?"

"ತಗೋಬಹುದು. ಆದರೆ ಒಮ್ಮೆ ಬರೆದು ಕೊಟ್ಟಿದ್ದೀರಲ್ಲ, ಇಬ್ಬರನ್ನೂ ಕರೆದು ವಿಚಾರಿಸ್ತಾರೆ. ನಾಲ್ಕು ದಿನದಲ್ಲಿ ಮುಗಿಯುತ್ತೆ ಅಂತ ನಾನು ಭರವಸೆ ಕೊಡಲಾರೆ. ಅವಧಿ ಮೀರಿ ಉಳಿದ್ರೆ ಮುಂದೆ ಅವರು ಇಲ್ಲಿಗೆ ಬರೋದೇ ಕಷ್ಟ ಆಗಬಹುದು, ಮಾನಸ."

ಆದರೂ ಹೊಸ ಪತ್ರ ಬರೆದಳು. ಸಹಿ ಹಾಕಿದಳು. ಸ್ಕೂಟರ್ ಹತ್ತಿ ಬಾಪೂಜಿ ನಗರಕ್ಕೆ ಹೊರಟಳು. ಡಿವೋರ್ಸ್ ಒಪ್ಪಿಗೆ ಪತ್ರದಲ್ಲಿ ಅವನು ಕೊಟ್ಟಿದ್ದ ವಿಳಾಸ ಅದು. ಗಲ್ಲಿಯೊಳಗೆ ಗಲ್ಲಿ, ಮೂರನೇ ಮಹಡಿ, ಒಂದೇ ಕೋಣೆ.

ಬಾಗಿಲು ತೆಗೆದವನು ಅವಳನ್ನು ನೋಡಿ ಹಿಂದೆ ಸರಿದ. "ಅಜ್ಜಿಗೆ ಏನಾದ್ರೂ...?"

"ಅಜ್ಜಿ ಚೆನ್ನಾಗಿದಾರೆ." ಒಳಗೆ ಕಟ್ಟಿಟ್ಟ ಸೂಟ್‌ಕೇಸ್ ಕಂಡಿತು. "ಎಲ್ಲ ಹೇಳಿದ್ರು, ದಿಮುತು. ಬೇವಿನ ಮರದ ವಿಷಯ..."

ಅವನು ಹಾಗೇ ನೆಲಕ್ಕೆ ಕುಸಿದು ಕೂತ. ಮೊಣಕಾಲಿನ ಮೇಲೆ ತಲೆ ಇಟ್ಟ. ಅವನ ಭುಜ ಅಲುಗಾಡುತ್ತಿತ್ತು. ಅವನು ಅತ್ತಿದ್ದನ್ನು ಅವಳು ನೋಡಿದ್ದು ಅದೇ ಮೊದಲು.

"ನಿನ್ನ ಹಾಗೇ ಇತ್ತು," ಅಂದ ಕೊನೆಗೆ. "ಹಣೆ... ನಿನ್ನದೇ ಹಣೆ."

ಮಾನಸಳೂ ಪಕ್ಕದಲ್ಲಿ ಕೂತಳು. ಇಬ್ಬರೂ ಮನಸಾರೆ ಅತ್ತರು. ಸತ್ತ ಮಗುವಿಗೆ ಅದುವರೆಗೂ ಅವರಿಬ್ಬರೂ ಒಟ್ಟಿಗೆ ಅತ್ತಿರಲೇ ಇಲ್ಲ.

"ಯಾಕೆ ಹೇಳ್ಲಿಲ್ಲ? ಆ ಪ್ರಿಂಟ್ ಬಗ್ಗೆಯಾದ್ರೂ ಹೇಳ್ಬಹುದಿತ್ತಲ್ಲ!"

"ನೀನು ಕೇಳಿದ ಪ್ರಶ್ನೆಗೆ ಯಾವ ಕಾಗದ ತೋರಿಸ್ಲಿ, ಮಾನಸ? ಅಪ್ಪ ದಿನಾ ಅಂತಿದ್ರು, ತಡ್ಕೊಂಡೆ. ನೀನೂ ಅಂದಾಗ..."

ಅವಳು ಪತ್ರ ತೆಗೆದು ಮುಂದಿಟ್ಟಳು. "ಸಹಿ ಹಾಕಿ ತಂದಿದೀನಿ."

ಅವನು ಓದಿದ. ಮಡಿಸಿ ಅವಳ ಕೈಗೇ ಕೊಟ್ಟ.

"ಬೇಡ."

"ಸಿಟ್ಟಾ?"

"ಸಿಟ್ಟಲ್ಲ. ಭಯ. ಈ ಸಹಿಯಿಂದ ಉಳಿದ್ರೆ, ಮುಂದೆ ನಾವು ಯಾವತ್ತು ಜಗಳ ಆಡಿದ್ರೂ ಆ ಪ್ರಶ್ನೆ ಮತ್ತೆ ಬರುತ್ತೆ. ನೀನು ಕೇಳದೇ ಇದ್ರೂ ನನಗೆ ಕೇಳ್ಸುತ್ತೆ. ಹನ್ನೊಂದಕ್ಕೆ ಹೋಗ್ತೀನಿ, ಮಾನಸ. ಇಲ್ಲಿ ಉಸಿರಾಡೋಕೂ ಯಾರದ್ದೋ ಒಪ್ಪಿಗೆ ಬೇಕು ಅನ್ನೋ ಹಾಗಾಗಿದೆ ನನಗೆ."

ಹೇಗಿದ್ದರೂ ಅವನು ಹೋಗಲೇಬೇಕಿತ್ತು. ಕಳಿಸುತ್ತಿರುವುದು ತಾನು, ತಾನು ಅಕ್ಟೋಬರ್‌ನಲ್ಲಿ ಹಾಕಿದ ಸಹಿ.

ಕಿಟಕಿಯಾಚೆ ಪಕ್ಕದ ಮನೆಯ ಕುಕ್ಕರ್ ಕೂಗಿತು. ಮಾನಸ ಕಣ್ಣು ಒರೆಸಿಕೊಂಡಳು.

"ಹಾಗಾದ್ರೆ ನಾನು ಬರ್ತೀನಿ."

"ಎಲ್ಲಿಗೆ?"

"ಮಾತರಕ್ಕೆ. ಏಪ್ರಿಲ್ ಹತ್ತಕ್ಕೆ ಶಾಲೆ ಮುಗಿಯುತ್ತೆ. ಆಮೇಲೆ ಬರ್ತೀನಿ."

"ಹುಚ್ಚಾ ನಿನಗೆ? ಅಲ್ಲಿ ಬಂದು ಏನ್ ಮಾಡ್ತೀಯ? ಭಾಷೆ ಬರಲ್ಲ. ಬಂದ ತಕ್ಷಣ ಕೆಲಸ ಮಾಡೋಕೂ ಬಿಡಲ್ಲ. ಮನೇಲೇ ಕೂತಿರ್ಬೇಕು."

"ಕೂತಿರ್ತೀನಿ. ಅದು ಹೇಗಿರುತ್ತೆ ಅಂತ ನನಗೂ ಗೊತ್ತಾಗ್ಲಿ." ಅವಳು ಕಟ್ಟಿಟ್ಟ ಸೂಟ್‌ಕೇಸ್ ಕಡೆ ನೋಡಿದಳು. "ನೀನು ಹದಿನಾರು ತಿಂಗಳು ಕೂತಿದ್ದೆ. ಒಂದು ದಿನಾನೂ ನಾನು ಕೇಳ್ಲಿಲ್ಲ... ಹೇಗಿದೀಯ ಅಂತ."

ದಿಮುತು ಅವಳನ್ನೇ ನೋಡಿದ.

"ಈಗ ಕೇಳು," ಅಂದ ಮೆಲ್ಲಗೆ.

"ಹೇಗಿದೀಯ ದಿಮುತು?"

"ಚೆನ್ನಾಗಿಲ್ಲ."

ಅವಳು ಅವನ ಕೈ ಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ.

* * *

ಹತ್ತನೇ ತಾರೀಖು ಇಬ್ಬರೂ ಕೆಂಗೇರಿಯ ಹೊಲಕ್ಕೆ ಹೋದರು. ಸುತ್ತ ಸೈಟು ಮಾಡಿ ಕಲ್ಲು ನೆಟ್ಟಿದ್ದರು. ಬೇವಿನ ಮರ ಮಾತ್ರ ಹಾಗೇ ಇತ್ತು. ದಿಮುತು ಜಾಗ ತೋರಿಸಿದ. ಮಾನಸ ಅಲ್ಲಿ ಬಹಳ ಹೊತ್ತು ಅಂಗೈ ಊರಿ ಕೂತಿದ್ದಳು. ಮಣ್ಣು ಬಿಸಿಲಿಗೆ ಸುಡುತ್ತಿತ್ತು.

ಹನ್ನೊಂದಕ್ಕೆ ಏರ್‌ಪೋರ್ಟ್. ಬಸವೇಶ್ವರನಗರದ ಮನೆಯಿಂದ ಹೊರಡುವಾಗ ಅಪ್ಪ ಗೇಟಿನವರೆಗೂ ಬಂದರು. ಏನೋ ಹೇಳಲು ಹೋಗಿ, ಸೂಟ್‌ಕೇಸ್ ಎತ್ತಿ ಕ್ಯಾಬ್‌ನಲ್ಲಿಟ್ಟು ಒಳಗೆ ಹೋದರು. ಅಜ್ಜಿ ಮಾತ್ರ ದಿಮುತುವಿನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತುಂಬಾ ಹೊತ್ತು ಬಿಡಲಿಲ್ಲ.

ವಿಮಾನ ನಿಲ್ದಾಣದ ಬಾಗಿಲಲ್ಲಿ ಸಾಲು ಸರಿಯುತ್ತಿತ್ತು. ಅವನು ಪಾಸ್‌ಪೋರ್ಟ್ ಕೈಗೆ ತಗೊಂಡ. ಮತ್ತೆ ಯಾವಾಗ ಈ ದೇಶಕ್ಕೆ ಬರುತ್ತಾನೋ, ಬರಲು ಬಿಡುತ್ತಾರೋ, ಇಬ್ಬರಿಗೂ ಗೊತ್ತಿರಲಿಲ್ಲ.

"ನಿಜವಾಗ್ಲೂ ಬರ್ತೀಯಾ?" ಕೇಳಿದ.

"ಟಿಕೆಟ್ ನಿನ್ನೆನೇ ಮಾಡಿಸಿದೆ."

ಅವನ ಕಣ್ಣು ತುಂಬಿತು. "ಅಮ್ಮಂಗೆ ಹೇಳ್ಲಾ?"

"ಹೇಳು. ಆದ್ರೆ... ನಿಮ್ಮಮ್ಮ ನನ್ನ ಮನೆಯೊಳಗೆ ಸೇರಿಸ್ಕೋತಾರಾ, ದಿಮುತು? ಮಗನನ್ನ ಹೊರಗೆ ಹಾಕಿದವಳು ನಾನು."

"ಮೊದಲು ಬಯ್ತಾರೆ. ಆಮೇಲೆ ಊಟಕ್ಕೆ ಹಾಕ್ತಾರೆ."

ಅವಳಿಗೆ ನಗು, ಅಳು ಎರಡೂ ಬಂತು. "ನಿಮ್ಮ ಭಾಷೇಲಿ ಅವರನ್ನ ಏನಂತ ಕರೀಬೇಕು? ಈಗಲೇ ಹೇಳ್ಕೊಡು."

"ಅಮ್ಮಾ ಅಂತ."

"ಅಷ್ಟೇನಾ?"

"ಅಷ್ಟೇ. ನಮ್ಮಲ್ಲೂ ಅದೇ ಮಾತು."