ಸಿಕ್ಕಿದ್ದರಲ್ಲೇ ಹುಡುಕು

"ನಿಂಗೆ ಟೈಪ್ ಮಾಡಾಕೆ ಒಂದು ಬರ್ತೈತೆ ಕಣೋ, ತಲೆ ಎಲ್ಲೈತೆ?" ಎಂದು ದಸ್ತಾವೇಜು ಬರೆಯುವ ಮಾಲತೇಶಪ್ಪ ಹತ್ತು ಜನರ ಮುಂದೆ ಅಂದುಬಿಟ್ಟ. ಅವನ ಅಂಗಡಿಯಲ್ಲಿ ಟೈಪ್ ಮಾಡುವ ತಿಪ್ಪೇರುದ್ರನಿಗೆ ಮೈಯೆಲ್ಲ ಉರಿದುಹೋಯಿತು. ಸ್ವಂತ ಜಾಗದಲ್ಲಿ ಸ್ವಂತ ಅಂಗಡಿ ಇಟ್ಟು ಈ ಮುದುಕನ ಬಾಗಿಲು ಮುಚ್ಚಿಸುತ್ತೇನೆ ಎಂದು ಅವತ್ತೇ ತೀರ್ಮಾನಿಸಿದ. ಜಾಗ? ಅದನ್ನು ಹುಡುಕುವುದೆಷ್ಟರ ಕೆಲಸ!

ಅಂಗಡಿಯ ಹಳೆಯ, ಹೊಸ ಪತ್ರಗಳ ನಕಲನ್ನೆಲ್ಲ ಕಂಪ್ಯೂಟರಿಗೆ ಏರಿಸಿದವನು ಅವನೇ. ಮಾಲತೇಶಪ್ಪ ಮಹಾಶಯನಿಗೋ ಮೌಸು ಹಿಡಿಯಲೂ ಬಾರದು. ತಿಪ್ಪೇರುದ್ರ ಮೊದಲು ತಾಲೂಕು ಆರಿಸಿದ, ನ್ಯಾಮತಿ. ಸಾವಿರಾರು ಪತ್ರ ಬಂದವು. 'ಸಿಕ್ಕಿದ್ದರಲ್ಲೇ ಹುಡುಕು' ಎಂಬ ಗುಂಡಿ ಒತ್ತಿ, ಊರು ಗೋವಿನಕೋವಿ ಎಂದ. ಅದರೊಳಗೆ 'ರಸ್ತೆ', ಅದರೊಳಗೆ 'ಖಾಲಿ ಜಾಗ', ಅದರೊಳಗೆ 'ದಿವಂಗತ'. ಕೊನೆಗೆ ಉಳಿದದ್ದು ಒಂದೇ ಕ್ರಯಪತ್ರ. ಅದರ ಚೆಕ್ಕುಬಂದಿಯಲ್ಲಿ, ಪೂರ್ವಕ್ಕೆ ದಿವಂಗತ ಕಾಟಮ್ಮನವರ ಖಾಲಿ ಜಾಗ ಎಂದಿತ್ತು. ವಿಚಾರಿಸಿದರೆ ಮುದುಕಿ 2013ರಲ್ಲೇ ತೀರಿಕೊಂಡಿದ್ದಳು, ಮಕ್ಕಳಿಲ್ಲ, ಮರಿಯಿಲ್ಲ.

ಬಾಕಿ ಉಳಿದದ್ದು, ಅವಳು ಆ ಜಾಗವನ್ನು ತನಗೇ ಬರೆದಂತೆ ಒಂದು ಉಯಿಲು. ಗೋವಿನಕೋವಿಯ ಪತ್ರಗಳೊಳಗೇ ಮತ್ತೆ ಹುಡುಕಿ ಒಂದು ಒಳ್ಳೆಯ ಮಾದರಿ ತೆಗೆದ. ಹೆಸರು ಬದಲಿಸಿದ, ತಾರೀಖು 2012ಕ್ಕೆ ಇಳಿಸಿದ, ಉಳಿದದ್ದನ್ನು ಅಕ್ಷರ ತಪ್ಪದಂತೆ ಹಾಗೇ ಇಟ್ಟ. ಅದನ್ನು ಮಾಲತೇಶಪ್ಪನ ಬೀರುವಿನ ತಳದ ಹಳದಿಗಟ್ಟಿದ ಹಾಳೆಯಲ್ಲೇ ಮುದ್ರಿಸಿದ. ಸಾಕ್ಷಿಗಳಾಗಿ ಸತ್ತವರಿಬ್ಬರು, ಸತ್ತವರು ಸುಳ್ಳಾಡುವುದಿಲ್ಲ, ಅಲ್ಲವೇ? ಹೆಬ್ಬೆಟ್ಟು ಅವನದೇ ಎಡಗೈಯದು.

ಖಾತೆ ಬದಲಾವಣೆಗೆ ಅರ್ಜಿ ಹಾಕಿದ. ಒಂದು ತಿಂಗಳು ಕಚೇರಿಯ ಗೋಡೆಯ ಮೇಲಿದ್ದ ನೋಟಿಸಿಗೆ ನರಪಿಳ್ಳೆಯೂ ತಕರಾರು ಎತ್ತಲಿಲ್ಲ. ಹಳ್ಳಿ ಗಮಾರರು, ಓದಿದರೆ ತಾನೇ! ಕಚೇರಿಯಿಂದ ಫೋನು ಬಂದಾಗ ತಿಪ್ಪೇರುದ್ರ ಇಸ್ತ್ರಿ ಅಂಗಿ ತೊಟ್ಟು ಹೊರಟ.

ಗುಮಾಸ್ತೆ ಪ್ರೇಮಲತಾ ಕುರ್ಚಿ ತೋರಿಸಿದಳು. ಪಕ್ಕದಲ್ಲಿ ಒಬ್ಬ ಪೊಲೀಸಪ್ಪ ಚಹಾ ಕುಡಿಯುತ್ತಿದ್ದ. ತನಗೇನಂತೆ ಎಂದುಕೊಂಡ ತಿಪ್ಪೇರುದ್ರ.

"ಟೈಪಿಂಗ್ ಭಾಳ ಚೆಂದ ಐತ್ರಿ. ಇದು ಹನ್ನೆರಡನೇ ಇಸ್ವಿದೇ ಅಲ್ರೀ?"

"ಹೌದ್ರೀ ಮೇಡಂ. ನನ್ನ ಕಣ್ಣೆದುರಿಗೇ ಆಯಮ್ಮ ಹೆಬ್ಬೆಟ್ಟು ಒತ್ತಿದ್ದು."

"ಹಂಗಾದ್ರೆ ಇದೊಂದು ಸಾಲು ನೀವೇ ಓದ್ರಿ," ಎಂದು ಅವಳು ಹಾಳೆ ತಿರುಗಿಸಿದಳು. ಪೊಲೀಸಪ್ಪ ಲೋಟ ಕೆಳಗಿಟ್ಟ.

'ನ್ಯಾಮತಿ ತಾಲೂಕು ಗೋವಿನಕೋವಿ ಗ್ರಾಮದ ವಾಸಿ ಕಾಟಮ್ಮನಾದ ನಾನು' ಎಂದು ತಿಪ್ಪೇರುದ್ರ ಓದಿದ, ಮತ್ತೆ ಮೊದಲ ಪದಕ್ಕೇ ಹಿಂದಿರುಗಿದ. ಹುಡುಕಿದಷ್ಟನ್ನೂ ಮೊದಲು ಸಿಕ್ಕ ನ್ಯಾಮತಿಯೊಳಗೇ ಹುಡುಕಿದ್ದ ಈ ಬುದ್ಧಿವಂತನಿಗೆ ಹಳೆಯ ಕಾಲದ ಪತ್ರ ಒಂದೂ ಕಂಡಿರಲಿಲ್ಲ. ಮಾದರಿಯೂ ಈಚಿನದೇ ಆಗಿತ್ತು. ಕಾಟಮ್ಮ ಬದುಕಿದ್ದದ್ದು, ಸತ್ತದ್ದು ಎರಡೂ ಆ ಊರು ಆಗ ಸೇರಿದ್ದ ಹೊನ್ನಾಳಿ ತಾಲೂಕಿನಲ್ಲಿ. ಅವಳು ಮಣ್ಣಾಗಿ ವರ್ಷಗಳು ಕಳೆಯುವವರೆಗೆ ನ್ಯಾಮತಿ ತಾಲೂಕೇ ಆಗಿರಲಿಲ್ಲ.