ಚೌಕಟ್ಟಿನಾಚೆ ನಿಂತವಳು

“ಇದನ್ನ ಮ್ಯೂಸಿಯಮ್ಮಿಗೆ ಕೊಡಿ. ರಿಪೇರಿಗಲ್ಲ!”

ಅವಳು ಅವನಿಗೆ ಆಡಿದ ಮೊಟ್ಟಮೊದಲ ಮಾತು ಅದು.

ಅವಳು ಅಪ್ಪನ ಜೊತೆ ನಡೆಸುತ್ತಿದ್ದ ಕ್ಯಾಮೆರಾ ರಿಪೇರಿ ಅಂಗಡಿಯ ಗಾಜಿನ ಮೇಜಿನಾಚೆ ನಿಂತಿದ್ದವನು ನಾಟಕಗಳ ಫೋಟೋಗ್ರಾಫರ್. ಕೈಯಲ್ಲಿದ್ದ ರೇಂಜ್‌ಫೈಂಡರ್ ಕ್ಯಾಮೆರಾಕ್ಕೆ ಅವನಿಗಿಂತ ಹೆಚ್ಚು ವಯಸ್ಸಾಗಿತ್ತು. ಮೂಲೆಗಳಲ್ಲಿ ಕಪ್ಪು ಬಣ್ಣ ಸವೆದು ಹಿತ್ತಾಳೆ ಇಣುಕುತ್ತಿತ್ತು.

“ಎರಡು ಬಿಂಬ ಕೂಡ್ತಾ ಇಲ್ಲ. ಅಷ್ಟೇ ಇದರ ಕಾಯಿಲೆ,” ಎಂದ ಅವನು.

ಆ ಕ್ಯಾಮೆರಾದ ಕಿಟಕಿಗೆ ಕಣ್ಣಿಟ್ಟರೆ ಒಂದೇ ಮುಖ ಎರಡಾಗಿ ಕಾಣುತ್ತದೆ. ಲೆನ್ಸನ್ನು ಮೆಲ್ಲಗೆ ತಿರುಗಿಸಿದಂತೆ ಆ ಎರಡೂ ಹತ್ತಿರ ಸರಿದು ಒಂದಾಗಬೇಕು. ಆಗಲೇ ಫೋಕಸ್.

“ಎಸ್‌ಎಲ್‌ಆರ್ ಕ್ಯಾಮೆರಾ ತಗೊಳ್ಳಿ. ಒಳಗೆ ಕನ್ನಡಿ ಇರುತ್ತೆ, ಲೆನ್ಸ್ ನೋಡಿದ್ದನ್ನೇ ನಿಮ್ಮ ಕಣ್ಣೂ ನೋಡುತ್ತೆ. ಇದರ ಕಿಟಕಿಗೂ ಲೆನ್ಸಿಗೂ ಸಂಬಂಧಾನೇ ಇಲ್ಲ. ಲೆನ್ಸಿಗೆ ಮುಚ್ಚಳ ಹಾಕಿದ್ರೂ ಕಿಟಕೀಲಿ ಎಲ್ಲಾ ಚೆಂದವೇ! ಸುಳ್ಳುಬುರುಕ ಕ್ಯಾಮೆರಾ,” ಎಂದಳು ಅವಳು.

“ನಿಮ್ಮ ಎಸ್‌ಎಲ್‌ಆರ್ ಕ್ಲಿಕ್ ಅಂದಾಗ ಏನಾಗುತ್ತೆ?”

“ಕನ್ನಡಿ ಮೇಲಕ್ಕೇಳುತ್ತೆ.”

“ಆಗ ಕಣ್ಣಿಗೆ?”

ಅವಳು ಮೇಜಿನ ಮೇಲಿದ್ದ ತಿರುಪುಗಳನ್ನು ಜೋಡಿಸತೊಡಗಿದಳು.

“ಕತ್ತಲೆ! ಯಾವ ಕ್ಷಣ ಫೋಟೋ ಆಯ್ತೋ ಅದೊಂದನ್ನ ಬಿಟ್ಟು ಮಿಕ್ಕಿದ್ದೆಲ್ಲಾ ತೋರಿಸುತ್ತೆ ನಿಮ್ಮ ಸತ್ಯಸಂಧ ಕ್ಯಾಮೆರಾ. ಜೊತೆಗೆ ಟಪ್ ಅಂತ ಸದ್ದು. ಸ್ಟೇಜಿನ ಮೇಲೆ ಅಳ್ತಾ ಇರೋ ನಟಿ ಅಳು ನಿಲ್ಲಿಸಿ ನನ್ನ ದುರುಗುಟ್ಟಿ ನೋಡ್ತಾಳೆ. ಈ ಕಿಟಕಿ ಹಾಗಲ್ಲ ಮೇಡಂ. ಫೋಟೋದ ಚೌಕಟ್ಟು ಎಲ್ಲಿವರೆಗೆ ಅಂತ ಒಳಗೊಂದು ಗೆರೆ ಇರುತ್ತೆ, ಆ ಗೆರೆಯಾಚೆಗೂ ಕಾಣುತ್ತೆ. ಯಾರು ಒಳಗೆ ಬರ್ತಾರೆ, ಯಾರು ಬರದೇ ಹಾಗೇ ನಿಂತಿರ್ತಾರೆ... ಎಲ್ಲಾ.”

ಒಳಕೋಣೆಯಿಂದ ಕೆಮ್ಮು ಬೆರೆತ ನಗು ಕೇಳಿಸಿತು. ಅವಳ ಅಪ್ಪ.

“ಚಿಮಟಾ! ನಾನು ನಲವತ್ತು ವರ್ಷದಿಂದ ಹೇಳ್ತಿರೋದನ್ನ ಈ ಪುಣ್ಯಾತ್ಮ ಎರಡು ನಿಮಿಷದಲ್ಲಿ ಹೇಳಿಬಿಟ್ಟ. ಮಾಡಿಕೊಡಮ್ಮ.”

ಹಿಡಿದದ್ದನ್ನು ಬಿಡದ ಮಗಳಿಗೆ ಅಪ್ಪನಿಟ್ಟ ಅಡ್ಡಹೆಸರು ಅದು. ಗುರುತು ಪರಿಚಯವಿಲ್ಲದವನ ಮುಂದೆ ಹಾಗೆ ಕರೆದದ್ದಕ್ಕೆ ಅವಳ ಕಿವಿ ಕೆಂಪಾಯಿತು. ಅವನು ನಗು ನುಂಗಿಕೊಂಡ. ನುಂಗಿದ್ದೂ ಅವಳಿಗೆ ಕಂಡಿತು!

ನಾಲ್ಕನೆಯ ದಿನ ಬಿಂಬಗಳು ಕೂಡಿದವು. ಅವಳು ಲೆನ್ಸನ್ನು ಬಟ್ಟೆಯಿಂದ ಒರೆಸಿ, ಮುಚ್ಚಳ ಒತ್ತಿ, ಎರಡೂ ಕೈಯಲ್ಲಿ ಕ್ಯಾಮೆರಾವನ್ನು ಕೊಟ್ಟಳು. ಅಪ್ಪನ ಕಾಲದಿಂದ ಆ ಅಂಗಡಿಯಲ್ಲಿ ನಡೆದುಬಂದ ಕ್ರಮ ಅದು.

ಆಮೇಲೂ ಅವನು ಬಂದ. ಒಮ್ಮೆ ಸಡಿಲವಾದ ತಿರುಪಿಗೆ, ಒಮ್ಮೆ ಬಿಗಿಯಾದ ತಿರುಪಿಗೆ.

“ಮಾರಾಯ, ಈ ಕ್ಯಾಮೆರಾದಲ್ಲಿ ಇಷ್ಟೊಂದು ತಿರುಪು ಇಲ್ಲವೇ ಇಲ್ಲ!” ಎಂದು ಅಪ್ಪ ಛೇಡಿಸಿದರು.

ಅವಳು ತಲೆ ಎತ್ತಲಿಲ್ಲ. ಆದರೆ ಬಾಗಿಲ ಗಂಟೆ ಸದ್ದಾದಾಗಲೆಲ್ಲ ಅವಳ ಕೈಯ ಚಿಮಟ ಒಂದು ಕ್ಷಣ ಗಾಳಿಯಲ್ಲೇ ನಿಲ್ಲುತ್ತಿತ್ತು.

ಅಷ್ಟರಲ್ಲಿ ಕೆಮ್ಮು ಹೆಚ್ಚಾಗಿ ಅಪ್ಪ ಆಸ್ಪತ್ರೆಯ ಹಾಸಿಗೆ ಹಿಡಿದರು. ‘ಇನ್ನು ಕೆಲವೇ ದಿನ’ ಎಂದರು ಡಾಕ್ಟರು.

ಆಗಲೇ ಅವಳಿಗೆ ಹೊಳೆದದ್ದು: ಊರಿನ ಸಾವಿರಾರು ಕ್ಯಾಮೆರಾಗಳಿಗೆ ಕಣ್ಣು ಕೊಟ್ಟ ಅಪ್ಪನದೇ ಒಂದು ಒಳ್ಳೆಯ ಫೋಟೋ ಮನೆಯಲ್ಲಿಲ್ಲ! ಇದ್ದದ್ದು ಡ್ರೈವಿಂಗ್ ಲೈಸೆನ್ಸಿನ ಮೇಲಿನ ಒಂದು ಮಸುಕು ಚಿತ್ರ.

“ಬಡಗಿ ಮನೆ ಕುರ್ಚಿಗೆ ಮೂರೇ ಕಾಲು,” ಎಂದು ಅಪ್ಪ ನಕ್ಕರು. “ಕರಿ ಅವನನ್ನ. ಸದ್ದು ಮಾಡದ ಕ್ಯಾಮೆರಾ ಅಲ್ವಾ, ಪಕ್ಕದ ಹಾಸಿಗೆಯವರಿಗೂ ತೊಂದರೆಯಿಲ್ಲ.”

ಮರುದಿನ ಬೆಳಿಗ್ಗೆ ಅವನು ಬಂದ. ವಾರ್ಡಿನ ಬೆಳಕು ಮಂಕಾಗಿತ್ತು. ಅವಳು ಅವನ ಕೈಯಿಂದ ಕ್ಯಾಮೆರಾ ಕಸಿದುಕೊಂಡು, ಅಪ್ಪನನ್ನೇ ನೋಡುತ್ತ ಲೆನ್ಸನ್ನು ಒರೆಸಿ, ಎರಡೂ ಕೈಯಲ್ಲಿ ಹಿಂತಿರುಗಿಸಿದಳು.

“ಒಂದೂ ತಪ್ಪಬಾರದು,” ಎಂದಳು.

ಅವನು ತಲೆಯಾಡಿಸಿದ. ಅಪ್ಪನ ಹಾಸಿಗೆಯ ಸುತ್ತ ಬೆಕ್ಕಿನಂತೆ ನಡೆದ. ಪ್ರತಿ ಸಲ ಫಿಲ್ಮ್ ಸುತ್ತಿದಾಗಲೂ ಕ್ಯಾಮೆರಾದ ಮೇಲಿನ ಗುಂಡಿ ತಿರುಗುವುದನ್ನು ಅವಳು ರಿಪೇರಿಯವಳ ಕಣ್ಣಿನಿಂದ ಎಣಿಸುತ್ತಲೇ ಇದ್ದಳು. ಮೂವತ್ತಾರು.

ಮುಗಿಸಿ ಕ್ಯಾಮೆರಾವನ್ನು ಕೆಳಗಿಳಿಸಿ ನೋಡಿದವನ ಮುಖ ಒಮ್ಮೆಗೇ ಬಿಳಿಚಿತು. ಅವಳಿಗೆ ಬೆನ್ನು ತಿರುಗಿಸಿ, ಅವಸರದಲ್ಲಿ ಜೇಬಿನಿಂದ ಇನ್ನೊಂದು ರೋಲು ತೆಗೆದ.

“ಇನ್ನೊಂದು... ಇನ್ನೊಂದೇ ರೋಲು ತೆಗೀಲಾ?”

ಅಪ್ಪ ಕಣ್ಣು ಮುಚ್ಚಿಯಾಗಿತ್ತು. “ಪೇಷಂಟ್ ಸುಸ್ತಾಗಿದ್ದಾರೆ, ಸಾಕು ನಡೀರಿ,” ಎಂದು ನರ್ಸ್ ಹೊರಗೆ ಕಳಿಸಿದಳು.

ಆ ಸಂಜೆಯೇ ಅಪ್ಪ ಹೋದರು.

ನಾಲ್ಕು ದಿನದ ನಂತರ ಅವನು ಅಂಗಡಿಗೆ ಬಂದು ಮೇಜಿನ ಮೇಲೆ ಒಂದು ಲಕೋಟೆಯಿಟ್ಟ.

“ಒಂದೂ ಬಂದಿಲ್ಲ. ತೊಳೆಯೋವಾಗ ನಾನೇ ಹಾಳು ಮಾಡ್ದೆ. ಡೆವಲಪರ್ ಹಾಕೋ ಮುಂಚೆ ಫಿಕ್ಸರ್ ಹಾಕಿಬಿಟ್ಟೆ.”

ಅವಳು ಲಕೋಟೆಯನ್ನು ಮೇಜಿನ ಸೆಳೆಖಾನೆಗೆ ನೂಕಿದಳು.

“ನಾಟಕದವರ ಒಂದು ರೋಲೂ ಹಾಳಾಗಲಿಲ್ಲ. ನಮ್ಮಪ್ಪಂದೇ ಹಾಳಾಯ್ತಾ?”

“ನನ್ನ ತಪ್ಪು.”

“ತಪ್ಪಾ? ತಪ್ಪು ಅಂದ್ರೆ ಮುಗೀತಾ? ನನಗಿದ್ದದ್ದು ಅದೊಂದೇ...” ಅವಳು ಬಾಗಿಲು ತೋರಿಸಿದಳು. “ಹೋಗಿ. ಆ ಬಾಗಿಲ ಗಂಟೆ ಇನ್ನೊಮ್ಮೆ ನಿಮ್ಮ ಕೈಯಿಂದ ಸದ್ದು ಮಾಡೋದು ಬೇಡ.”

ಅವನು ಗಂಟೆಯನ್ನು ಕೈಯಲ್ಲಿ ಹಿಡಿದು, ಸದ್ದಾಗದಂತೆ ಬಾಗಿಲು ತೆರೆದ. ಹೋದ.

ಹದಿನಾಲ್ಕು ತಿಂಗಳು ಕಳೆದವು.

ರಿಪೇರಿಗೆ ಬರುವವರು ನಿಂತೇಹೋದರು. ಅಂಗಡಿ ಖಾಲಿ ಮಾಡುವ ದಿನ ಮೇಜಿನ ಅಡಿಯ ಸೆಳೆಖಾನೆಯಲ್ಲಿ ಆ ಲಕೋಟೆ ಸಿಕ್ಕಿತು. ಅವಳು ಅದನ್ನು ತೆರೆದೇ ಇರಲಿಲ್ಲ.

‘ಎಸೆದುಬಿಡಲೇ?’

ಎಸೆಯಲಾರದೆ, ಒಳಗಿದ್ದ ಫಿಲ್ಮನ್ನು ಬೆಳಕಿಗೆ ಹಿಡಿದಳು. ಗಾಜಿನಂತೆ ಸ್ವಚ್ಛ, ಖಾಲಿ. ಆದರೆ ಅಂಚಿನಲ್ಲಿ...

ಅಂಚಿನಲ್ಲಿ ಅಂಕಿಗಳಿದ್ದವು! ಒಂದು, ಎರಡು, ಮೂರು... ಮೂವತ್ತಾರರವರೆಗೆ, ಕಪ್ಪಗೆ, ಸ್ಪಷ್ಟವಾಗಿ.

ಅವಳು ಅದನ್ನು ಬಾಗಿಲ ಬೆಳಕಿಗೆ ಒಯ್ದು ಮತ್ತೆ ನೋಡಿದಳು.

ಆ ಅಂಕಿಗಳನ್ನು ಫ್ಯಾಕ್ಟರಿಯಲ್ಲೇ ಬೆಳಕಿನಿಂದ ಅಚ್ಚೊತ್ತಿರುತ್ತಾರೆ. ಫಿಲ್ಮನ್ನು ಸರಿಯಾಗಿ ತೊಳೆದರೆ ಮಾತ್ರ ಅವು ಮೂಡುತ್ತವೆ. ಮೊದಲೇ ಫಿಕ್ಸರ್ ಹಾಕಿದ್ದರೆ, ಚಿತ್ರ ಮೂಡಿಸುವ ಡೆವಲಪರ್ ತಾಗುವ ಮುನ್ನ ಅವೂ ಅಳಿಸಿಹೋಗಬೇಕಿತ್ತು. ಅಂದರೆ ಅವನು ಸರಿಯಾಗಿಯೇ ತೊಳೆದಿದ್ದ. ಫಿಲ್ಮಿಗೆ ಬೆಳಕೇ ಬಿದ್ದಿರಲಿಲ್ಲ!

ಫಿಲ್ಮ್ ಸುತ್ತಿಕೊಳ್ಳಲಿಲ್ಲವೇ? ಇಲ್ಲ, ಗುಂಡಿ ತಿರುಗಿದ್ದನ್ನು ಅವಳೇ ಎಣಿಸಿದ್ದಳು. ಹಾಗಾದರೆ ಅವನ ಮುಖ ಬಿಳಿಚಿದ್ದು ಏಕೆ? ಕ್ಯಾಮೆರಾದ ಮುಂಭಾಗ ನೋಡಿದ ಮೇಲಲ್ಲವೇ? ಅವಳಿಗೆ ಕಾಣದಂತೆ ತಿರುಗಿ ನಿಂತದ್ದು ಏಕೆ?

ಅವಳು ತನ್ನ ಕೈಗಳನ್ನು ನೋಡಿಕೊಂಡಳು. ಒರೆಸುವುದು... ಒತ್ತುವುದು... ಎರಡೂ ಕೈಯಲ್ಲಿ ಕೊಡುವುದು. ಇಪ್ಪತ್ತು ವರ್ಷ ಅಪ್ಪ ಕಲಿಸಿದ ಕ್ರಮ. ಕಪ್ಪು ಲೆನ್ಸಿನ ಮೇಲೆ ಕಪ್ಪು ಮುಚ್ಚಳ.

ಮುಚ್ಚಳ ಹಾಕಿದವಳು ಅವಳೇ!

ವಿಚಾರಿಸುತ್ತ ಹೋದವಳಿಗೆ ಅವನು ಸಿಕ್ಕಿದ್ದು ಒಂದು ಪಾಸ್‌ಪೋರ್ಟ್ ಫೋಟೋ ಅಂಗಡಿಯಲ್ಲಿ. ಸ್ಟ್ಯಾಂಡಿನ ಮೇಲೆ ದೊಡ್ಡದೊಂದು ಡಿಜಿಟಲ್ ಎಸ್‌ಎಲ್‌ಆರ್, ಬಿಳಿ ಗೋಡೆ, ಒಂದು ಸ್ಟೂಲು.

“ಗದ್ದ ಸ್ವಲ್ಪ ಮೇಲೆ...” ಎನ್ನುತ್ತ ತಲೆ ಎತ್ತಿದವನು ಅಲ್ಲೇ ನಿಂತ. ಗಿರಾಕಿಯನ್ನು ಕಳಿಸಿ ಬಂದ.

ಅವಳು ಫಿಲ್ಮನ್ನು ಮುಂದಿಟ್ಟಳು. ಅಂಕಿಗಳ ಮೇಲೆ ಬೆರಳಿಟ್ಟಳು. ಅವನಿಗೆ ಬೇರೇನೂ ಹೇಳಬೇಕಾಗಲಿಲ್ಲ.

“ಯಾಕೆ ಸುಳ್ಳು ಹೇಳಿದ್ರಿ?”

“ನನ್ನ ಮೇಲಿನ ಸಿಟ್ಟು ಒಂದಿನ ಇಳಿಯುತ್ತೆ ಅಂದ್ಕೊಂಡೆ. ನಿಮ್ಮ ಮೇಲೆ ನಿಮಗೇ ಬಂದಿದ್ರೆ... ನೀವು ಹಿಡಿದದ್ದು ಬಿಡೋರಲ್ಲ.”

“ನನ್ನ ಮಾತು ಕೇಳಿ ಎಸ್‌ಎಲ್‌ಆರ್ ತಂದಿದ್ರೆ ಮೊದಲ ಸಲಕ್ಕೇ ಕತ್ತಲೆ ಕಾಣ್ತಿತ್ತು. ಮುಚ್ಚಳ ತೆಗೀತಿದ್ರಿ. ಅಪ್ಪ ಫೋಟೋದಲ್ಲಾದ್ರೂ ಉಳೀತಿದ್ರು.”

“ಹೌದು,” ಎಂದ ಅವನು. ಸಮಾಧಾನದ ಒಂದು ಮಾತನ್ನೂ ಸೇರಿಸಲಿಲ್ಲ.

ಅವಳು ಅತ್ತಳು. ಕ್ಷಮೆ ಕೇಳಲು ಬಂದಿದ್ದಳು. ಕ್ಷಮಿಸಿದರೂ ಬಾರದ್ದು ಬಾರದು ಎಂಬುದು ಇಬ್ಬರಿಗೂ ಗೊತ್ತಿತ್ತು.

“ಆ ಕ್ಯಾಮೆರಾ ಎಲ್ಲಿ?”

“ಮನೇಲಿದೆ. ಆಮೇಲೆ ಆ ಕಿಟಕಿಗೆ ಕಣ್ಣಿಡೋಕೆ ಆಗಲಿಲ್ಲ.” ಅವಳತ್ತ ತಿರುಗಿ ಹೇಳಿದ, “ಆದ್ರೆ ಆವತ್ತು ಒಂದು ಸಲಾನೂ ನನ್ನ ಕಣ್ಣಿಗೆ ಕತ್ತಲೆ ಬರಲಿಲ್ಲ. ಎಲ್ಲಾ ಕ್ಷಣ ನೋಡಿದೆ.”

ಅವಳು ಸರಕ್ಕನೆ ತಲೆ ಎತ್ತಿದಳು. “ನೆನಪಿದೆಯಾ?”

“ಮೊದಲು ಮೂವತ್ತಾರೂ ಇತ್ತು. ದಿನಾ ಮಲಗೋ ಮುಂಚೆ ಎಣಿಸ್ಕೋತಿದ್ದೆ. ಹೋದ ತಿಂಗಳು ಹದಿಮೂರಿತ್ತು. ಈಗ ಹನ್ನೊಂದು.” ಅವನು ಖಾಲಿ ಫಿಲ್ಮನ್ನು ಸುರುಳಿ ಸುತ್ತಿದ. “ಇವೂ ಹೋಗ್ತವೆ. ನನಗೆ ತಡೆಯೋಕೆ ಗೊತ್ತಿಲ್ಲ.”

ಅವಳು ಪಾಸ್‌ಪೋರ್ಟ್ ಸ್ಟೂಲನ್ನು ಎಳೆದುಕೊಂಡು ಕೂತಳು.

“ಹೇಳಿ.”

“ಒಂಬತ್ತನೇದು...” ಅವನು ಕಣ್ಣು ಮುಚ್ಚಿದ. “ಅಪ್ಪ ನಗ್ತಿದ್ದಾರೆ. ಕೆಳಗಿನ ಒಂದು ಹಲ್ಲು ಇಲ್ಲ. ಕ್ಯಾಮೆರಾ ಕಡೆ ನೋಡ್ತಿಲ್ಲ. ಎಡಗಡೆ, ಗೆರೆಯಾಚೆ ನೋಡ್ತಿದ್ದಾರೆ.”

“ಅಲ್ಲೇನಿತ್ತು?”

“ನೀವು. ಲೆನ್ಸ್ ಒರೆಸೋ ಬಟ್ಟೇನ ಮಡಚಿ ಮಡಚಿ ಇಷ್ಟು ಸಣ್ಣ ಮಾಡ್ಕೊಂಡು ನಿಂತಿದ್ರಿ. ಫೋಟೋ ಬಂದಿದ್ರೂ ಅದರಲ್ಲಿ ನೀವಿರ್ತಿರಲಿಲ್ಲ. ಇಬ್ಬರನ್ನೂ ಒಟ್ಟಿಗೆ ನೋಡಿದವನು ನಾನೊಬ್ಬನೇ. ಆಮೇಲಿಂದ ಚೌಕಟ್ಟಿನೊಳಗೆ ನೋಡೋದು ಕಷ್ಟ ಆಯ್ತು...”

“ಯಾಕೆ?”

“ಕಣ್ಣು ಗೆರೆಯಾಚೆಗೇ ಹೋಗ್ತಿತ್ತು. ಇವತ್ತಿಗೂ ಅಲ್ಲೇ ಇದೆ.”

ಹೊರಗೆ ಯಾರೋ ಬಾಗಿಲು ತಟ್ಟಿದರು. ಅವನು ಏಳಲಿಲ್ಲ. ಅವಳು ಕೆನ್ನೆ ಒರೆಸಿಕೊಂಡು, ಮೇಜಿನ ಮೇಲಿದ್ದ ಅವನ ಕೈಯನ್ನು ಹಿಡಿದಳು. ಬಿಡಲಿಲ್ಲ.

“ಇನ್ನೂ ಹತ್ತಿದೆ. ಹೇಳಿ.”

“ಎಲ್ಲಾ ಇವತ್ತೇ ಹೇಳಿಬಿಟ್ರೆ ನಾಳೆ ಏನು ಹೇಳಲಿ, ಚಿಮಟಾ?”

ಅಪ್ಪ ಹೋದ ಮೇಲೆ ಆ ಹೆಸರಿನಿಂದ ಯಾರೂ ಅವಳನ್ನು ಕರೆದಿರಲಿಲ್ಲ.

“ನಾಳೆ ಇವನ್ನೇ ಇನ್ನೊಂದ್ಸಲ,” ಎಂದಳು ಅವಳು. “ನಿಮಗೆ ಮರೆತುಹೋದದ್ದನ್ನ ಆಗ ನಾನು ಹೇಳ್ತೀನಿ.”