ಮಾಸ್ಕಿನ ಪಟ್ಟಿ

ಹೆಣ ಬಿದ್ದಿದ್ದ ಕೋಣೆಗೆ ಸುಮ್ಮನೆ ನುಗ್ಗುವಂತಿರಲಿಲ್ಲ. ಶಾಲೆಯ ಕೆಳಮಹಡಿಯ ಆ ತರಗತಿಗೆ ದಪ್ಪ ಪ್ಲಾಸ್ಟಿಕ್ ಹೊದಿಸಿ ಗಾಳಿಯಾಡದಂತೆ ಮುಚ್ಚಿದ್ದರು. ಒಳಗೆ ಚಾವಣಿಗೆ ಹೊಡೆದಿದ್ದ ಹಳೆಯ ಆಸ್ಬೆಸ್ಟಾಸ್ ಶೀಟು ಬಿಚ್ಚುವ ಕೆಲಸ ನಡೆದಿತ್ತು. ಅದರ ಧೂಳು ಕಣ್ಣಿಗೆ ಕಾಣುವುದಿಲ್ಲ. ಎದೆಗೆ ಹೊಕ್ಕರೆ ಮೂವತ್ತು ವರ್ಷ ಬಿಟ್ಟಾದರೂ ಕೊಲ್ಲುತ್ತದೆ.

ಹಾಗಾಗಿ ಇನ್‌ಸ್ಪೆಕ್ಟರಮ್ಮ ಸಮವಸ್ತ್ರದ ಮೇಲೆ ಬಿಳಿ ಉಡುಪು ಹಾಕಿಸಿಕೊಳ್ಳುತ್ತ ಸಣ್ಣ ಮಗುವಿನಂತೆ ಕೈಚಾಚಿ ನಿಂತಿದ್ದರು. ಹಾಕುತ್ತಿದ್ದವನು ಬೆಳಗ್ಗೆ ಎಂಟಕ್ಕೆ ಬಂದು ಹೆಣ ಕಂಡವನು. ಸತ್ತ ಮೇಸ್ತ್ರಿಯ ಹೆಂಡತಿಯ ತಮ್ಮ.

"ಮೊದಲು ಮಾಸ್ಕು, ಮೇಡಮ್. ಪಟ್ಟಿ ತಲೆಗೆ ಬಿಗಿಯಾಗಿ ಕೂರ್ಬೇಕು. ಅದರ ಮೇಲೆ ಉಡುಪಿನ ಟೋಪಿ."

"ಉಲ್ಟಾ ಹಾಕಿದ್ರೆ?"

"ಹೊರಗೆ ಬಂದಾಗ ಉಡುಪು ಬಿಚ್ಚೋಕೆ ಮಾಸ್ಕನ್ನೇ ಮೊದಲು ತೆಗೀಬೇಕಾಗುತ್ತೆ. ಉಡುಪಿನ ಧೂಳೆಲ್ಲ ಮೂಗಿಗೇ. ಮೊದಲನೇ ದಿನಾನೇ ಬಾವ ಹೇಳಿಕೊಟ್ಟಿದ್ರು."

ಅವನ ಗಲ್ಲದ ಮೇಲೆ ರೇಜರ್ ತಾಗಿದ ಹಸಿ ಗೀರು ಕಾಣುತ್ತಿತ್ತು.

ಒಳಗೆ ಅಟ್ಟಣಿಗೆಯ ಬುಡದಲ್ಲಿ ಮೇಸ್ತ್ರಿ ಬೋರಲು ಬಿದ್ದಿದ್ದರು. ಉಡುಪು, ಮಾಸ್ಕು ಎಲ್ಲ ಮೈಮೇಲೇ ಇದ್ದವು. ನೆಲದ ತುಂಬ ನೀಲಿ ಅಂಟು. ಧೂಳು ಏಳದಿರಲೆಂದು ಮೇಸ್ತ್ರಿಯೇ ಬೆಳಗ್ಗೆ ಆರಕ್ಕೆ ಬಂದು ಸಿಂಪಡಿಸಿದ್ದು.

"ಮೇಲಿಂದ ಬಿದ್ದ ಹಾಗಿದೆ, ಮೇಡಮ್," ಎಂದರು ಹೆಡ್ ಕಾನ್‌ಸ್ಟೇಬಲ್.

"ಬೋರಲು ಬಿದ್ದವರ ತಲೆ ಹಿಂದುಗಡೆ ಹೇಗ್ರೀ ಒಡೀತು?"

ಇನ್‌ಸ್ಪೆಕ್ಟರಮ್ಮ ಬಗ್ಗಿದರು. ತಲೆ ಒಡೆದು ರಕ್ತ ಟೋಪಿಗೆ ಇಳಿದಿತ್ತು, ಟೋಪಿ ಮಾತ್ರ ಎಲ್ಲೂ ಹರಿದಿರಲಿಲ್ಲ. ಬಿಳಿ ಟೋಪಿಯ ಮೇಲೆ ಮಾಸ್ಕಿನ ಎರಡು ಕಪ್ಪು ಪಟ್ಟಿಗಳು ಹಾದುಹೋಗಿದ್ದವು. ಅವರು ಅವನ್ನು ಬಹಳ ಹೊತ್ತು ನೋಡಿದರು.

*

ಹೊರಗೆ ಬರುವಷ್ಟರಲ್ಲಿ ಊರೆಲ್ಲ ತೀರ್ಪು ಕೊಟ್ಟಾಗಿತ್ತು. ಹಿಂದಿನ ದಿನ ಮೇಸ್ತ್ರಿ ಭಾವಮೈದುನನನ್ನು ಎಲ್ಲರೆದುರು ಬೈದು ಕಳಿಸಿದ್ದರು. ಕಾರಣ ಎರಡು ದಿನದ ಗಡ್ಡ. ಗಡ್ಡವಿದ್ದರೆ ಮಾಸ್ಕು ಮುಖಕ್ಕೆ ಅಂಟಿ ಕೂರುವುದಿಲ್ಲ, ಸಂದಿಯಲ್ಲಿ ಧೂಳು ನುಗ್ಗುತ್ತದೆ. ಮಾನ ಹೋದ ಸಿಟ್ಟಿಗೆ ಅವನು, "ಒಂದಿನ ಇವರನ್ನ ಮುಗಿಸಿಬಿಡ್ತೀನಿ," ಎಂದಿದ್ದ. ಆಡಿದ ಮಾತು, ಒಡೆದ ಮುತ್ತು.

ಮೇಲಧಿಕಾರಿಯ ಫೋನೂ ಬಂತು. "ಉಡುಪು ಹಾಕ್ಕೊಂಡು ಒಳಗೆ ಹೋಗೋರು ಇನ್ಯಾರು? ಸಂಜೆಯೊಳಗೆ ಅವನನ್ನ ಅರೆಸ್ಟ್ ಮಾಡಿ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯ ಅಧಿಕಾರಿ. ಇನ್‌ಸ್ಪೆಕ್ಟರಮ್ಮನಿಗೆ ಮೈ ಉರಿಯಿತು.

ಮೇಸ್ತ್ರಿಯ ಹೆಂಡತಿ ಶಾಲೆಯ ಮೆಟ್ಟಿಲ ಮೇಲೆ ಕುಳಿತಿದ್ದಳು. ಅಳು ಬತ್ತಿಹೋಗಿತ್ತು.

"ಹೌದು, ಮೇಡಮ್. ಮುಗಿಸ್ತೀನಿ ಅಂತ ಅಂದಿದ್ದ. ನನ್ನೆದುರಿಗೂ ಅಂದ." ಇನ್‌ಸ್ಪೆಕ್ಟರಮ್ಮನ ಮುಖ ನೋಡಿ ಕೇಳಿದಳು. "ಅವನೇನಾ? ಗಂಡನೂ ಹೋದ, ತಮ್ಮನೂ ಹೋದ ಅಂದ್ರೆ ನನಗ್ಯಾರು?"

"ರಾತ್ರಿ ನಿಮ್ಮ ಯಜಮಾನರು ಏನಾದ್ರೂ ಹೇಳಿದ್ರಾ?"

"ಊಟ ಸೇರಲಿಲ್ಲ ಅವರಿಗೆ. ಮಹಡಿ ಮೇಲೆ ಯಾರೋ ಶೀಟನ್ನ ಒಣಗಿದ್ದ ಹಾಗೇ ಸುತ್ತಿಗೇಲಿ ಒಡೆದಿದ್ದಾರೆ, ಶಾಲೆ ಸುರಕ್ಷಿತ ಅಂತ ನಾನು ಸಹಿ ಹಾಕಲ್ಲ ಅಂದ್ರು. ನನಗೇನೂ ಅರ್ಥ ಆಗಲಿಲ್ಲ."

ಇನ್‌ಸ್ಪೆಕ್ಟರಮ್ಮನಿಗೆ ಅರ್ಥವಾಯಿತು. ಈ ಕೆಲಸದವರು ಶೀಟನ್ನು ನೀರಿನಲ್ಲಿ ನೆನೆಸಿ, ಮೊಳೆ ಬಿಚ್ಚಿ, ಒಡೆಯದೆ ಇಳಿಸುತ್ತಾರೆ. ಸುತ್ತಿಗೆ ಮುಟ್ಟುವುದಿಲ್ಲ. ಇನ್‌ಸ್ಪೆಕ್ಟರಮ್ಮ ಮಹಡಿ ಹತ್ತಿ ಉಗ್ರಾಣ ತೆಗೆಸಿದರು. ಗೋಣಿಚೀಲಗಳಲ್ಲಿ ಶೀಟಿನ ಚೂರುಗಳು ತುಂಬಿದ್ದವು.

*

ಉಗ್ರಾಣದ ಬೀಗದ ಕೈ ಇದ್ದದ್ದು ಶಾಲೆಯ ಆಡಳಿತಾಧಿಕಾರಿಯ ಹತ್ತಿರ. ಇಸ್ತ್ರಿ ಮುರಿಯದ ಮನುಷ್ಯ. ಪಾಲಿಶ್ ಮಾಡಿದ ಬೂಟು, ನಯವಾದ ಮಾತು.

"ನೀವು ಆ ಕೋಣೆ ಒಳಗೆ ಹೋಗಿದ್ರಾ?"

"ಬಾಗಿಲ ಹತ್ತಿರಾನೂ ಸುಳಿದಿಲ್ಲ. ನನಗ್ಯಾಕೆ ಆ ಧೂಳಿನ ಸಹವಾಸ?"

ಇನ್‌ಸ್ಪೆಕ್ಟರಮ್ಮ ಭಾವಮೈದುನನನ್ನೂ ಒಳಗೆ ಕರೆಸಿದರು. ಮೇಜಿನ ಮೇಲೆ ಎರಡು ಉಡುಪು, ಎರಡು ಮಾಸ್ಕು ಇಟ್ಟರು. "ಇಬ್ಬರೂ ಹಾಕ್ಕೊಳ್ಳಿ."

ಹುಡುಗ ಯೋಚಿಸಲಿಲ್ಲ. ಮಾಸ್ಕು ಕಟ್ಟಿದ, ಟೋಪಿ ಎಳೆದುಕೊಂಡ. ಆಡಳಿತಾಧಿಕಾರಿ ಮೊದಲು ಟೋಪಿ ಏರಿಸಿ, ಅದರ ಮೇಲೆ ಮಾಸ್ಕು ಬಿಗಿದರು.

"ಹೆಣಕ್ಕೂ ಹೀಗೇ ಹಾಕಿದ್ರು," ಎಂದರು ಇನ್‌ಸ್ಪೆಕ್ಟರಮ್ಮ.

"ನನ್ನಂಥೋರು ಯಾರು ಹಾಕಿದ್ರೂ ಹೀಗೇ ಹಾಕೋದು. ಇದೇನು ಸಾಕ್ಷಿ?"

"ಸರಿಯೇ. ಆದ್ರೆ ಕೊಂದವರು ಹೆಣ ಎಳ್ಕೊಂಡು ಹಸಿ ಅಂಟಿನ ಮೇಲೆ ನಡೆದಿದ್ದಾರೆ. ಅದು ಒರೆಸಿದ್ರೆ ಹೋಗಲ್ಲ."

ಆಡಳಿತಾಧಿಕಾರಿಯ ಎಡಗಾಲು ಮೆಲ್ಲಗೆ ಕುರ್ಚಿಯ ಕೆಳಗೆ ಸರಿಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ. ಹೆಡ್ ಕಾನ್‌ಸ್ಟೇಬಲ್ ಬೂಟು ಕಳಚಿಸಿದರು. ಹಿಮ್ಮಡಿಯ ಸಂದಿಯಲ್ಲಿ ನೀಲಿ ಗೆರೆ ಇತ್ತು.

"ಕೆಲಸದವರ ರಬ್ಬರ್ ಬೂಟು ಆ ಕೋಣೆ ಬಿಟ್ಟು ಹೊರಗೇ ಬರಲ್ಲ," ಎಂದರು ಇನ್‌ಸ್ಪೆಕ್ಟರಮ್ಮ. "ಆ ಅಂಟು ಮೆತ್ತಿರೋ ಹೊರಗಿನ ಬೂಟು ಇದೊಂದೇ. ರಜೇಲಿ ಮಹಡಿ ಶೀಟನ್ನ ಕೆಲಸ ಗೊತ್ತಿಲ್ಲದವರ ಕೈಲಿ ಒಡೆಸಿದ್ರಿ. ಮೇಸ್ತ್ರಿಗೆ ಗೊತ್ತಾಯ್ತು. ಬೆಳಗ್ಗೆ ಅವರು ಅಂಟು ಹೊಡೆದು, ಉಡುಪು ಬಿಚ್ಚಿ, ಸ್ನಾನ ಮಾಡಿ ಬಂದಾಗ ಸಹಿಗೆ ಪಟ್ಟು ಹಿಡಿದ್ರಿ. ಅವರು ಒಪ್ಪಲಿಲ್ಲ. ತಲೆ ಒಡೆದ ಮೇಲೆ ಉಡುಪು ಹಾಕಿದ್ರಿ, ಅದಕ್ಕೇ ಟೋಪಿ ಹರಿದಿಲ್ಲ."

ಆಡಳಿತಾಧಿಕಾರಿ ಮಾಸ್ಕು ಬಿಚ್ಚಿ ಮೇಜಿನ ಮೇಲಿಟ್ಟರು.

"ತಳ್ಳಿದೆ ಅಷ್ಟೇ. ಕಬ್ಬಿಣದ ಮೇಜು ತಗುಲ್ತು," ಎಂದರು ಆಡಳಿತಾಧಿಕಾರಿ. "ಸೋಮವಾರ ಶಾಲೆ ಶುರುವಾಗ್ಬೇಕಿತ್ತು. ನಾನೂರು ಮಕ್ಕಳು."

"ಆ ನಾನೂರು ಮಕ್ಕಳಿಗೋಸ್ಕರಾನೇ ಅವರು ಸಹಿ ಹಾಕ್ಲಿಲ್ಲ," ಎಂದ ಹುಡುಗ. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು.

*

ಜೀಪು ಹೋಯಿತು. ಹುಡುಗ ಬಂದು ಅಕ್ಕನ ಪಕ್ಕ ಮೆಟ್ಟಿಲ ಮೇಲೆ ಕುಳಿತ. ಅವಳು ಅವನ ಮುಖ ನೋಡಲಿಲ್ಲ.

"ನೀನು ಹಾಗಂದಿದ್ದೆ ಅಂತ ಪೊಲೀಸರಿಗೆ ನಾನೇ ಹೇಳಿದೆ ಕಣೋ."

"ಅಂದಿದ್ದೆನಲ್ಲ, ಅಕ್ಕ."

"ಹೇಳಿದ್ದು ಮಾತ್ರ ಅಲ್ಲ. ನಂಬಿಯೂ ಬಿಟ್ಟಿದ್ದೆ."

ಅವನಿಗೆ ಅದು ಚೆನ್ನಾಗಿ ನಾಟಿತು. ಆದರೂ ಎದ್ದು ಹೋಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳ ಕೈಹಿಡಿದು ಎಬ್ಬಿಸಿದ.

"ನಡಿ ಅಕ್ಕ, ಬಾವನ್ನ ಮನೆಗೆ ಕರ್ಕೊಂಡು ಹೋಗೋಣ."